ಮೊದಲು ಅಳತೆ ಟೇಪು ಬರಲಿ, ಆಮೇಲೆ ಗುದ್ದಲಿ

ಮೈಸೂರಿನಲ್ಲಿ ಸಿಟಿ ಬಸ್ಸಿಳಿದು ಚಿಕ್ಕ ಗಡಿಯಾರದ ಕಡೆ ಹೆಜ್ಜೆ ಹಾಕುವವರಿಗೆ ಹಿಂದೆ ಒಂದು ಅಭ್ಯಾಸವಿತ್ತು. ಮಳೆ ಹನಿ ಬಿತ್ತೆಂದರೆ ಲ್ಯಾನ್ಸ್‌ಡೌನ್ ಕಟ್ಟಡದ ಕಮಾನಿನ ಕೆಳಗೆ ಓಡಿ ನಿಲ್ಲುವುದು. ನಿಂತವರು ಸುಮ್ಮನೆ ನಿಲ್ಲುತ್ತಿರಲಿಲ್ಲ. ಹಳೇ ಪುಸ್ತಕದ ಅಂಗಡಿಯಲ್ಲಿ ಒಂದೆರಡು ಹಾಳೆ ತಿರುವಿ, ಮಗನಿಗೆ ಬೇಕಾದ ಗೈಡು ಅರ್ಧ ಬೆಲೆಗೆ ಸಿಗುತ್ತದೆಯೇ ಎಂದು ವಿಚಾರಿಸಿ, ಮಳೆ ನಿಂತ ಮೇಲೆ ಮನೆಗೆ. 1892ರಲ್ಲಿ ವೈಸರಾಯ್ ಲ್ಯಾನ್ಸ್‌ಡೌನ್ ದೊರೆ ಮೈಸೂರಿಗೆ ಬಂದ ನೆನಪಿಗೆ ಎದ್ದ ಕಟ್ಟಡ ಅದು. ದೊರೆ ಯಾರೋ ಏನೋ, ಜನಕ್ಕೆ ಮಾತ್ರ ಅದು ಮಳೆಗೊಂದು ಮಾಡು, ಪುಸ್ತಕಕ್ಕೊಂದು ಬಜಾರು.

2012ರ ಆಗಸ್ಟ್ 25ರಂದು ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು.

ನಾಲ್ಕು ವರ್ಷ ಮೂರು ದಿನ ಕಳೆಯಿತು. 2016ರ ಆಗಸ್ಟ್ 28, ಭಾನುವಾರ. ಅಲ್ಲೇ ಕೂಗಳತೆಯ ದೇವರಾಜ ಮಾರುಕಟ್ಟೆಯಲ್ಲಿ, ಧನ್ವಂತರಿ ರಸ್ತೆ ಕಡೆಯ ಬಾಗಿಲಿನ ಭಾಗ ಬಿದ್ದುಹೋಯಿತು. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ. ಗಮನಿಸಬೇಕಾದ ಸಂಗತಿ ಏನೆಂದರೆ, ಮಾರುಕಟ್ಟೆ ಬಿದ್ದದ್ದು ಯಾರೂ ನೋಡದೆ ಬಿಟ್ಟಿದ್ದಾಗ ಅಲ್ಲ. ದುರಸ್ತಿ ನಡೆಯುತ್ತಿದ್ದಾಗಲೇ! ರೋಗಿ ಮನೆಯಲ್ಲಿ ಸಾಯಲಿಲ್ಲ, ಆಪರೇಷನ್ ಮೇಜಿನ ಮೇಲೆ ಕೈಕೊಟ್ಟ.

ಆಮೇಲೆ 2022ರ ಅಕ್ಟೋಬರ್. ಅರಮನೆಯ ಕೋಟೆ ಗೋಡೆಯ ಒಂದು ತುಂಡು ಜಾರಿತು. ಅದೇ ತಿಂಗಳು ಮಹಾರಾಣಿ ವಿಜ್ಞಾನ ಕಾಲೇಜಿನ ನೂರು ವರ್ಷ ದಾಟಿದ ಕಟ್ಟಡದ ಭಾಗ ಕುಸಿಯಿತು. ಲಕ್ಷಣ ಮೊದಲೇ ಕಂಡು ಮಕ್ಕಳು ಹೊರಗೆ ಬಂದಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಸರಿ, ಕೆಡವಿಬಿಟ್ಟರೆ ಪೀಡೆ ಹೋಯಿತು ಅಂದುಕೊಂಡರೆ, 2025ರ ಜನವರಿಯಲ್ಲಿ ಅದೇ ಕಾಲೇಜಿನ ಹಳೇ ಕಟ್ಟಡ ಕೆಡವುವಾಗ ಅವಶೇಷದಡಿ ಸಿಕ್ಕಿ ಒಬ್ಬ ಕೂಲಿ ಕಾರ್ಮಿಕ ಪ್ರಾಣ ಬಿಟ್ಟ.

ಅಂದರೆ ಕಟ್ಟಡ ಸುಮ್ಮನೆ ಬಿಟ್ಟರೂ ಬಿತ್ತು, ದುರಸ್ತಿಗೆ ಕೈ ಹಾಕಿದರೂ ಬಿತ್ತು, ಕೆಡವಲು ಹೋದರೂ ಜೀವ ತೆಗೆಯಿತು. ಹಾಗಾದರೆ ತಪ್ಪು ಎಲ್ಲಿದೆ ಸ್ವಾಮಿ?

ಈ ಊರಲ್ಲಿ ಇಷ್ಟು ವರ್ಷ ನಡೆದ ಜಗಳ ಬೇರೆ. ಕೆಡವಬೇಕೋ, ಉಳಿಸಬೇಕೋ? ಕೆಡವಿ ಹಳೇ ರೂಪದಲ್ಲೇ ಹೊಸದು ಕಟ್ಟಿ ಎಂದು ಒಂದು ಕಡೆಯ ತಜ್ಞರು. ಕೆಡವುವ ಅಗತ್ಯವಿಲ್ಲ, ದುರಸ್ತಿ ಮಾಡಬಹುದು ಎಂದು ಇಂಟ್ಯಾಕ್ ಸಂಸ್ಥೆಯವರು. ಸರ್ಕಾರ ಮೊದಲನೆಯವರ ಮಾತಿಗೆ ಒಲಿಯಿತು. ವಿಷಯ ಹೈಕೋರ್ಟ್ ಮೆಟ್ಟಿಲೂ ಹತ್ತಿತು. ಕಾಫಿ ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಇದೇ ಚರ್ಚೆ. ಕೆಡವು ಅನ್ನುವವರಿಗೆ ಉಳಿಸು ಅನ್ನುವವರು ಮುದಿ ಗೋಡೆಯ ಮೋಹದವರು. ಉಳಿಸು ಅನ್ನುವವರಿಗೆ ಕೆಡವು ಅನ್ನುವವರು ಕಂಟ್ರಾಕ್ಟರ ನೆಂಟರು!

ಈ ಗಲಾಟೆಯಲ್ಲಿ ಒಂದು ಸಣ್ಣ ವಿಷಯ ಎಲ್ಲರಿಗೂ ಮರೆತುಹೋಗಿದೆ. ಕೆಡವುವುದೇ ಆಗಲಿ ಉಳಿಸುವುದೇ ಆಗಲಿ, ಅದಕ್ಕೆ ಮುಂಚೆ ಆಗಬೇಕಾದ ತಯಾರಿ ಎರಡಕ್ಕೂ ಒಂದೇ. ಅಳತೆ ಒಂದೇ, ನಕ್ಷೆ ಒಂದೇ, ಅಂಗಡಿಗಳ ಪಟ್ಟಿ ಒಂದೇ, ಅಂಗಡಿಯವನು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯೂ ಒಂದೇ. ಕಟ್ಟಡಕ್ಕೆ ಒಂದು ಕಲ್ಲು ಮುಟ್ಟದೆ, ಯಾವ ಕೋರ್ಟಿನ ಅಪ್ಪಣೆಗೂ ಕಾಯದೆ ಮಾಡಬಹುದಾದ ಕೆಲಸ ಅದು. ಆದರೆ ಅದರಲ್ಲಿ ಹಾರ ಇಲ್ಲ, ತುರಾಯಿ ಇಲ್ಲ, ಕಲ್ಲಿನ ಮೇಲೆ ಹೆಸರು ಇಲ್ಲ. ಅಳತೆ ಟೇಪು ಹಿಡಿದ ಇಬ್ಬರು ಹುಡುಗರ ಫೋಟೋ ಯಾವ ಪತ್ರಿಕೆ ಹಾಕೀತು?

ನಮ್ಮ ಊರುಗಳಲ್ಲಿ ಹಳೇ ಕಟ್ಟಡದ ದುರಸ್ತಿ ಸಾಮಾನ್ಯವಾಗಿ ಹೇಗೆ ಹೊರಡುತ್ತದೆ ನೋಡಿ. ಮೊದಲು ಘೋಷಣೆ. ಆಮೇಲೆ ಹಣದ ಅಂಕಿ. ಆಮೇಲೆ ಗುದ್ದಲಿ ಪೂಜೆ. ಅದಾದ ಮೇಲೆ ಗೋಡೆ ಕೆರೆದಾಗ ಒಳಗೆ ಏನಿದೆ ಅಂತ ಗೊತ್ತಾಗುವುದು! ಇಟ್ಟಿಗೆ ಪುಡಿಯಾಗಿದೆ, ತೊಲೆಗೆ ಗೆದ್ದಲು ಹತ್ತಿದೆ, ಅಡಿಪಾಯದ ಪಕ್ಕ ಚರಂಡಿ ಒಡೆದಿದೆ. ಎಸ್ಟಿಮೇಟು ಸಾಲದು. ಕೆಲಸ ನಿಂತಿತು. ಅರ್ಧ ಬಿಚ್ಚಿದ ಕಟ್ಟಡದ ಮೇಲೆ ಮುಂಗಾರು ಸುರಿಯಿತು. ಬಿಚ್ಚದೆ ಬಿಟ್ಟಿದ್ದರೆ ಇನ್ನೂ ಹತ್ತು ವರ್ಷ ನಿಲ್ಲುತ್ತಿದ್ದ ಗೋಡೆ ಒಂದೇ ಮಳೆಗಾಲಕ್ಕೆ ಹೊಟ್ಟೆ ಉಬ್ಬಿಸುತ್ತದೆ.

ಹಳೇ ಕಟ್ಟಡಕ್ಕೆ ಶತ್ರು ವಯಸ್ಸಲ್ಲ, ನೀರು. ತಾರಸಿಯ ಮೇಲೆ ಹಕ್ಕಿ ಉದುರಿಸಿದ ಒಂದು ಅರಳಿ ಬೀಜ ಬಿರುಕಿನಲ್ಲಿ ಮೊಳೆಯುತ್ತದೆ. ಎರಡು ಎಲೆ ಇದ್ದಾಗ ಕಿತ್ತರೆ ಬೆರಳಲ್ಲಿ ಬರುತ್ತದೆ. ನಾಲ್ಕು ವರ್ಷ ಬಿಟ್ಟರೆ ಬೇರು ಗೋಡೆಯ ಎದೆಗಿಳಿದು ಕಲ್ಲನ್ನೇ ಸರಿಸುತ್ತದೆ. ಅರಳಿ ಮರ ಕಡಿಯಬಾರದು ಎಂಬ ಭಕ್ತಿ ಬೇರೆ! ಮಳೆ ನೀರಿನ ದೋಣಿ ಕಸ ಕಟ್ಟಿ ತುಂಬಿದರೆ ನೀರು ಗೋಡೆಯೊಳಕ್ಕೇ ದಾರಿ ಮಾಡಿಕೊಳ್ಳುತ್ತದೆ. ನಮ್ಮ ಜನ ಒದ್ದೆ ಗೋಡೆ ಕಂಡರೆ ಮಾಡುವ ಮೊದಲ ಕೆಲಸ ಸಿಮೆಂಟು ಮೆತ್ತುವುದು. ಗಾರೆಯ ಗೋಡೆ ಉಸಿರಾಡುವ ಗೋಡೆ. ಹೀರಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಮೆತ್ತಿದರೆ ಅದರ ಮೂಗು ಮುಚ್ಚಿದಂತೆ. ಹೊರಗೆ ನುಣ್ಣಗೆ, ಬಣ್ಣ ಹೊಡೆದು ಚೆಂದ. ಒಳಗೆ ನೀರು ಕೂತು ಇಟ್ಟಿಗೆ ಕೊಳೆಯುತ್ತದೆ. ದಸರಾಕ್ಕೆ ಮುಂಚೆ ಸುಣ್ಣ ಬಣ್ಣ ಬಳಿದು ಕಟ್ಟಡ ಉಳಿಸಿದೆವು ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಬಿರುಕು ಕಂಡರೆ ಏನು ಮಾಡಬೇಕು? ಇದಕ್ಕೆ ಕೋಟಿ ಬೇಡ. ಹಳೇ ಕಾಲದ ಓವರ್‌ಸೀಯರುಗಳಿಗೆ ಗೊತ್ತಿದ್ದ ಉಪಾಯ ಒಂದಿದೆ. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುವುದು. ಗಾಜು ಹಾಗೇ ಇದ್ದರೆ ಅದು ಹಳೇ ಗಾಯ, ಮಾಗಿದೆ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ, ಜನರನ್ನು ಹೊರಗೆ ಕಳಿಸಿ ಎಂದು ಅರ್ಥ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿದರೆ ಯಾವ ಗೋಡೆ ನಿಂತೀತು ಯಾವುದು ನಿಲ್ಲದು ಎಂಬುದರ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಈಗ ಇದಕ್ಕೆ ಯಂತ್ರಗಳೂ ಇವೆ. ಯಂತ್ರ ಬರುವವರೆಗೆ ಗಾಜಿನ ಪಟ್ಟಿಯಾದರೂ ಇರಲಿ. ಮೈಸೂರಿನ ಪಾರಂಪರಿಕ ಪಟ್ಟಿಯಲ್ಲಿ 234 ಕಟ್ಟಡಗಳಿವೆ ಎಂದು ಭಾಷಣಗಳಲ್ಲಿ ಎಲ್ಲರೂ ಎದೆಯುಬ್ಬಿಸಿ ಹೇಳುತ್ತಾರೆ. ಆ 234ರಲ್ಲಿ ಎಷ್ಟು ಬಿರುಕಿಗೆ ತಾರೀಖು ಬರೆದಿದೆ ಅಂತ ಯಾರಾದರೂ ಸಭೆಯಲ್ಲಿ ಎದ್ದು ಕೇಳಲಿ ನೋಡೋಣ.

ಇನ್ನು ಸುಣ್ಣದ ವಿಚಾರ. ಅಂದಿನವರು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಸುಣ್ಣ, ಮರಳು, ಇಟ್ಟಿಗೆ ಪುಡಿಯ ಸುರ್ಕಿ ಸೇರಿಸಿ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕುವ ಪದ್ಧತಿಯೂ ಇತ್ತು. ಸುಣ್ಣ ಇವತ್ತು ತಂದು ನಾಳೆ ಮೆತ್ತುವ ವಸ್ತು ಅಲ್ಲ. ಅದನ್ನು ಅರಳಿಸಿ ವಾರಗಟ್ಟಲೆ ನೆನೆಹಾಕಬೇಕು. ಮೆತ್ತಿದ ಮೇಲೂ ಅದು ಗಟ್ಟಿಯಾಗುವುದು ನಿಧಾನ. ಹೊಯ್ಯುವ ಮಳೆಯಲ್ಲಿ ಆ ಕೆಲಸ ಆಗದು. ಹಾಗಾಗಿ ಕೆಲಸ ಶುರುವಾಗಬೇಕಾದ್ದು ದೀಪಾವಳಿ ಕಳೆದ ಮೇಲೆ, ಸುಣ್ಣದ ಕೆಲಸ ಮುಗಿಯಬೇಕಾದ್ದು ಮುಂಗಾರಿಗೆ ಮೊದಲು. ಆದರೆ ಸರ್ಕಾರಿ ಪಂಚಾಂಗದಲ್ಲಿ ಋತು ಒಂದೇ, ಮಾರ್ಚ್ ಕೊನೆ! ಹಣ ಖರ್ಚಾಗದಿದ್ದರೆ ವಾಪಸು ಹೋಗುತ್ತದೆ ಎಂದು ಮಾರ್ಚಿನಲ್ಲಿ ಕಾರ್ಯಾದೇಶ ಕೊಟ್ಟರೆ, ಸಾರ್ವೆ ಕಟ್ಟಿ ಮುಗಿಯುವಷ್ಟರಲ್ಲಿ ಜೂನ್ ಮೋಡ ತಲೆ ಮೇಲೆ.

ಗಾರೆ ಕೆಲಸ ಬಲ್ಲ ಮೇಸ್ತ್ರಿಗಳೂ ಕಡಿಮೆಯಾಗಿದ್ದಾರೆ. ಸಿಮೆಂಟಿನ ಕಾಲದಲ್ಲಿ ಅವರ ಮಕ್ಕಳು ಆ ವಿದ್ಯೆ ಏಕೆ ಕಲಿತಾರು? ಇದ್ದವರನ್ನು ಹುಡುಕಿ, ಹತ್ತು ಹುಡುಗರನ್ನು ಅವರ ಕೈ ಕೆಳಗೆ ಬಿಟ್ಟು, ಒಂದು ಸಣ್ಣ ಗೋಡೆಯಲ್ಲಿ ಮೊದಲು ಮಾಡಿ ತೋರಿಸುವುದು ತಯಾರಿಯ ಭಾಗ. ರಸ್ತೆಗೆ ಡಾಂಬರು ಹಾಕುವ ಟೆಂಡರಿನ ಹಾಗೆ, ಕಡಿಮೆ ದರ ಕೂಗಿದವನಿಗೆ ನೂರಮೂವತ್ತು ವರ್ಷದ ಕಮಾನು ಒಪ್ಪಿಸುವುದು ಎಂಥ ಬುದ್ಧಿವಂತಿಕೆ?

ಕಮಾನಿನದೂ ಒಂದು ಗುಟ್ಟಿದೆ. ಸಾಲು ಕಮಾನುಗಳು ಒಂದನ್ನೊಂದು ಒತ್ತಿ ಹಿಡಿದು ನಿಂತಿರುತ್ತವೆ, ಕಿಕ್ಕಿರಿದ ಬಸ್ಸಿನಲ್ಲಿ ನಿಂತ ಪ್ರಯಾಣಿಕರ ಹಾಗೆ. ಬ್ರೇಕು ಹಾಕಿದರೂ ಯಾರೂ ಬೀಳುವುದಿಲ್ಲ, ಏಕೆಂದರೆ ಬೀಳಲು ಜಾಗವಿಲ್ಲ. ನಡುವಿನ ನಾಲ್ವರು ಒಟ್ಟಿಗೆ ಇಳಿದರೆ ಉಳಿದವರು ತೂರಾಡುತ್ತಾರೆ. ಒಂದು ಕಮಾನು ಬಿಚ್ಚುವ ಮುನ್ನ ಪಕ್ಕದ ಕಮಾನಿಗೆ ಊರೆ ಕೊಡಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಕಾಗದದ ಮೇಲೆ ಬರೆದು ಮೇಸ್ತ್ರಿಯ ಕೈಗೆ ಕೊಡಬೇಕು. 2016ರಲ್ಲಿ ಬಾಗಿಲು ಬಿದ್ದದ್ದಕ್ಕೆ ಕಾರಣ ಏನೇ ಇರಲಿ, ಮುಂದೆ ಯಾವ ಕಟ್ಟಡಕ್ಕೆ ಕೈ ಹಾಕಿದರೂ ಈ ಕಾಗದ ಇಲ್ಲದೆ ಒಂದು ಇಟ್ಟಿಗೆ ಕೀಳಲು ಬಿಡಬಾರದು.

ಕಟ್ಟಡದ ಮಾತು ಇಷ್ಟು. ಒಳಗಿನವರ ಮಾತು ಇನ್ನೂ ದೊಡ್ಡದು.

ದೇವರಾಜ ಮಾರುಕಟ್ಟೆಯಲ್ಲಿ ಇರುವುದು ನೂರಾರು ಅಂಗಡಿ. ಮಲ್ಲಿಗೆ ದಂಡೆ, ಚಿಗುರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಗೋಪುರದಂತೆ ಪೇರಿಸಿದ ಕುಂಕುಮ, ಊದುಬತ್ತಿ, ಬೆಲ್ಲ, ತರಕಾರಿ. ಅಜ್ಜ ಕೂತ ಗಲ್ಲದ ಮೇಲೆ ಮೊಮ್ಮಗ ಕೂತಿದ್ದಾನೆ. "ಖಾಲಿ ಮಾಡಿ, ಕಟ್ಟಿದ ಮೇಲೆ ಕೊಡ್ತೀವಿ" ಅಂದರೆ ಅವನು ನಂಬುವುದು ಹೇಗೆ? ಎಲ್ಲಿಗೆ ಹೋಗಲಿ? ಎಷ್ಟು ದಿನ? ವಾಪಸು ಬಂದಾಗ ಇದೇ ಜಾಗವೋ, ಮೂಲೆಯ ಮಹಡಿಯೋ? ಬಾಡಿಗೆ ಎಷ್ಟು? ಇಷ್ಟು ಪ್ರಶ್ನೆಗೆ ಬಾಯಿ ಮಾತಿನ ಉತ್ತರ ಸಾಲದು. ಹೂವಿನ ಗಿರಾಕಿ ಎರಡು ತಿಂಗಳು ದಾರಿ ತಪ್ಪಿದರೆ ಮತ್ತೆ ಬರುವುದಿಲ್ಲ. ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗಿನ ವ್ಯಾಪಾರ ವರ್ಷದ ಗಂಜಿ. ಆ ತಿಂಗಳುಗಳಲ್ಲಿ ಎಬ್ಬಿಸಿದರೆ ಹೊಟ್ಟೆ ಮೇಲೆ ಹೊಡೆದಂತೆಯೇ.

ಅಂಗಡಿಯವರ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಪಕ್ಕದ ಮದರಾಸಿನ ಕಥೆ ನೆನಪಿರುವವರಿಗೆ ಗೊತ್ತು. ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲಿ ಮೂರ್ ಮಾರ್ಕೆಟ್ ಅಂತ ಕೆಂಪು ಕಟ್ಟಡವೊಂದಿತ್ತು. 1900ರಲ್ಲಿ ಬಾಗಿಲು ತೆರೆದದ್ದು. ಲ್ಯಾನ್ಸ್‌ಡೌನ್ ಹಾಗೇ ಹಳೇ ಪುಸ್ತಕಕ್ಕೆ ಹೆಸರುವಾಸಿ. ಆ ಜಾಗ ರೈಲ್ವೆಗೆ ಬೇಕಾಗಿತ್ತು. ಅಂಗಡಿಯವರು ಒಪ್ಪಿರಲಿಲ್ಲ. ತಕರಾರು ನಡೆಯುತ್ತಿರುವಾಗಲೇ 1985ರ ಮೇ ತಿಂಗಳಲ್ಲಿ ಬೆಂಕಿ ಬಿದ್ದು ಇಡೀ ಮಾರ್ಕೆಟ್ಟು ಬೂದಿಯಾಯಿತು. ಇವತ್ತು ಅಲ್ಲಿ ಲೋಕಲ್ ರೈಲು ಹೊರಡುತ್ತದೆ. ಅಂಗಡಿಯವರಿಗೆ ಬದಲಿ ಜಾಗ ಸಿಕ್ಕಿತು, ಹಳೇ ಮಾರ್ಕೆಟ್ಟಿನ ಕಳೆ ಸಿಗಲಿಲ್ಲ.

ಕಾನೂನಿನ ಒಂದು ಅಂಶ ವ್ಯಾಪಾರಿಗಳು ತಿಳಿದಿರಬೇಕು. ಕಟ್ಟಡ ಪೂರ್ತಿ ಹೋದರೆ ಬಾಡಿಗೆ ಹಕ್ಕೂ ಹೋಯಿತು ಎಂದು ಹಿಂದೆ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ಹೇಳಿತ್ತು. 2014ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ, ನಗರ ಸಂಸ್ಥೆಯೇ ಕಟ್ಟಡ ಕೆಡವಿದ್ದಾಗ, ದೊಡ್ಡ ಪೀಠ ಆ ಮಾತನ್ನು ತಿದ್ದಿತು. ಗೋಡೆ ಬಿದ್ದ ಮಾತ್ರಕ್ಕೆ ಬಾಡಿಗೆದಾರನ ಹಕ್ಕು ಬೀಳುವುದಿಲ್ಲ, ಕೆಳಗಿನ ನೆಲ ಇನ್ನೂ ಇದೆಯಲ್ಲ, ಎಂಬುದು ಅದರ ಸಾರ. ಆದರೆ ಬಾಡಿಗೆ ಕರಾರು ಬೇರೆ, ಪಾಲಿಕೆ ಕೊಡುವ ಲೈಸೆನ್ಸು ಬೇರೆ. ಯಾರ ಕೈಯಲ್ಲಿ ಯಾವ ಕಾಗದ ಇದೆ ಎನ್ನುವುದರ ಮೇಲೆ ನ್ಯಾಯ ನಿಂತಿದೆ. ಇವತ್ತೇ ಟ್ರಂಕು ತೆಗೆದು ನೋಡಿಕೊಳ್ಳುವುದು ಒಳ್ಳೆಯದು.

ಟ್ರಂಕು ತೆಗೆಯಲು ಕೆಲವರಿಗೆ ಹಿಂಜರಿಕೆ ಏಕೆ ಎಂಬುದೂ ಗೊತ್ತಿರುವ ಗುಟ್ಟೇ. ಕಾಗದ ಒಬ್ಬರ ಹೆಸರಲ್ಲಿ, ಗಲ್ಲದ ಮೇಲೆ ಇನ್ನೊಬ್ಬರು. ಪಾಲಿಕೆಗೆ ಹೋಗುವ ಬಾಡಿಗೆ ಒಂದು, ಒಳಗೊಳಗೆ ಕೈ ಬದಲಾಗುವ ಬಾಡಿಗೆ ಇನ್ನೊಂದು. ಪಟ್ಟಿ ತಯಾರಾದರೆ ಇದೆಲ್ಲ ಬಯಲಾಗುತ್ತದೆ ಎಂದು ಪಟ್ಟಿಯನ್ನೇ ವಿರೋಧಿಸುವವರೂ ಯಾವ ಮಾರುಕಟ್ಟೆಯಲ್ಲಾದರೂ ಇದ್ದೇ ಇರುತ್ತಾರೆ. ಅಷ್ಟೇ ಅಲ್ಲ, ಹಳೇ ಗೋಡೆ ಕೊರೆದು ಷಟರ್ ಕೂರಿಸಿದವರು ಯಾರು? ಮರದ ಅಟ್ಟ ಹೊಡೆದು ಅದರ ಮೇಲೆ ಮೂಟೆ ಪೇರಿಸಿದವರು ಯಾರು? ತಾರಸಿಯ ಮೇಲೆ ನೀರಿನ ಡ್ರಮ್ಮು ಇಟ್ಟವರು ಯಾರು? ಕಟ್ಟಡ ಪಾಲಿಕೆಯದು ನಿಜ. ಮೊಳೆ ಹೊಡೆದ ಕೈ ಮಾತ್ರ ಪಾಲಿಕೆಯದಲ್ಲ. ಸರ್ವೆಗೆ ಬಂದವರಿಗೆ ಅಂಗಡಿಯವರೇ ಅಟ್ಟದ ಮೇಲಿನ ಬಿರುಕು ತೋರಿಸಬೇಕು. ಅದು ಎಲ್ಲಿದೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಪಾಲಿಕೆ ಮಾಡಬಹುದಾದ ಕೆಲಸ ಒಂದೇ ಒಂದು ದೊಡ್ಡ ಪುಸ್ತಕದಲ್ಲಿ ಮುಗಿಯುತ್ತದೆ. ಅಂಗಡಿ ನಂಬರು, ಉದ್ದಗಲ, ಕಾಗದದ ಹೆಸರು, ನಿಜವಾಗಿ ಕೂತವರ ಹೆಸರು, ಫೋಟೋ, ಗೋಡೆಯ ಸ್ಥಿತಿ. ಅದರ ಒಂದು ನಕಲು ಸಂಘದ ಕೈಗೆ. ತಾತ್ಕಾಲಿಕ ಜಾಗ ಯಾವುದು ಎಂದು ನಕ್ಷೆ ಹಚ್ಚಿ, ಬಸ್ಸಿಳಿದ ಗಿರಾಕಿ ನಡೆದು ಬರುವಷ್ಟು ಹತ್ತಿರದಲ್ಲೇ ಆಗಬೇಕು. ಊರಾಚೆ ಮೈದಾನದಲ್ಲಿ ತಗಡು ಹೊದಿಸಿ ಹೋಗಿ ಎಂದರೆ ಯಾರು ಹೋದಾರು? ಮಾರುಕಟ್ಟೆಯನ್ನು ಒಮ್ಮೆಗೇ ಖಾಲಿ ಮಾಡದೆ ಸಾಲು ಸಾಲಾಗಿ ಮಾಡಬಹುದೇ ಎಂದೂ ಮೊದಲೇ ಲೆಕ್ಕ ಹಾಕಬೇಕು. ಒಂದು ಸಾಲಿನವರು ಹೊರಗೆ, ಉಳಿದವರು ಒಳಗೆ. ವರ್ಷ ಹೆಚ್ಚು ಹಿಡಿಯುತ್ತದೆ, ಒಪ್ಪೋಣ. ಆದರೆ ಮಾರುಕಟ್ಟೆ ಸಾಯುವುದಿಲ್ಲ.

ಬಸ್ಸಿನವರದೂ ಒಂದು ಮಾತಿದೆ. ಸಯ್ಯಾಜಿರಾವ್ ರಸ್ತೆಯ ಪಕ್ಕಕ್ಕೆ ಸಾರ್ವೆ ಕಟ್ಟಿದರೆ ಕಾಲುದಾರಿ ಹೋಯಿತು. ಜನ ರಸ್ತೆಗಿಳಿದರು, ಬಸ್ಸು ನಿಂತಿತು. ದಸರೆಯ ಜಂಬೂಸವಾರಿ ಹೋಗುವುದೂ ಇದೇ ದಾರಿ. ಸವಾರಿ ದಿನ ಆ ಮಹಡಿ, ಆ ಕಿಟಕಿ, ಆ ತಾರಸಿಗಳ ಮೇಲೆ ಹತ್ತಿ ಕೂರುವ ಜನರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ದುರಸ್ತಿಯ ಯೋಜನೆಯಲ್ಲಿ ಈ ಒಂದು ದಿನದ್ದೇ ಒಂದು ಪುಟ ಬೇಕು.

ಕೊನೆಗೆ ಹಣ. ಕಟ್ಟಲು ಹೇಗೋ ಸಿಗುತ್ತದೆ, ಕಾಯಲು ಸಿಗುವುದಿಲ್ಲ. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯನ್ನು ಈ ಶತಮಾನದ ಮೊದಲ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಚೊಕ್ಕಟವಾಗಿ ದುರಸ್ತಿ ಮಾಡಿದರು. ಅಲ್ಲಿ ಎಬ್ಬಿಸಬೇಕಾದ ಅಂಗಡಿಯವರೂ ಇರಲಿಲ್ಲ, ತಕರಾರೂ ಇರಲಿಲ್ಲ. ಆದರೂ ವರ್ಷಗಳು ಕಳೆದಂತೆ ಮತ್ತೆ ದುರಸ್ತಿಯ ಮಾತು ಬಂತು. ಎಸ್ಟಿಮೇಟಿನಲ್ಲಿ ಬಣ್ಣಕ್ಕೆ ಹಣ ಇರುತ್ತದೆ. ವರ್ಷಕ್ಕೆರಡು ಸಲ ತಾರಸಿ ಹತ್ತಿ ಅರಳಿ ಗಿಡ ಕೀಳುವ ಆಳಿನ ಸಂಬಳ ಇರುವುದಿಲ್ಲ. ಮಾರುಕಟ್ಟೆಯಲ್ಲಿ ವಸೂಲಾಗುವ ಬಾಡಿಗೆಯಲ್ಲೇ ಒಂದು ಪಾಲು ಆ ಕಟ್ಟಡಕ್ಕೇ ಎಂದು ಬೇರೆ ಖಾತೆಯಲ್ಲಿ ಕಟ್ಟಿಟ್ಟರೆ ಆ ಆಳಿಗೂ ಸಂಬಳ ಬಂತು, ಬಾಡಿಗೆ ಏರಿಸಿದರೆ ಕೊಡುವವನಿಗೂ ಒಂದು ಸಮಾಧಾನ.

ಮುಂದಿನ ಮಳೆಗಾಲ ಯಾರ ತೀರ್ಮಾನಕ್ಕೂ ಕಾಯುವುದಿಲ್ಲ. ತಾರಸಿ ದೋಣಿಯ ಕಸ ತೆಗೆಯಲು ಇಬ್ಬರು ಆಳು, ಬಿರುಕಿಗೆ ಅಂಟಿಸಲು ಗಾಜು, ಅಂಗಡಿ ಅಳೆಯಲು ಟೇಪು ಹಿಡಿದ ನಾಲ್ವರು. ಇವರನ್ನು ಕಳಿಸಲು ಪಾಲಿಕೆಗೆ ಒಂದು ಸಹಿ ಸಾಕು. ಕಳಿಸದಿದ್ದರೆ ವರ್ತಕರ ಸಂಘದವರೇ ಒಂದು ಭಾನುವಾರ ಏಣಿ ಹಾಕಲಿ, ದೋಣಿಯ ಕಸ ತೆಗೆಯಲು ಟೆಂಡರು ಬೇಡ.